ಶಿಶುವಿಹಾರದ ಗಂಟೆ, ಕಾರ್ಖಾನೆಯ ಕೂಗು

ಜೂನ್ ತಿಂಗಳು ಬಂದಿತೆಂದರೆ ನಮ್ಮ ನಾಡಿನಲ್ಲಿ ಶಾಲೆಗಳು ಬಾಗಿಲು ತೆರೆಯುತ್ತವೆ. ದೊಡ್ಡ ಮಕ್ಕಳು ಹೊಸ ಪುಸ್ತಕಗಳಿಗೆ ರಟ್ಟು ಹಾಕಿಸಿಕೊಂಡು, ಹೊಸ ಛತ್ರಿಯನ್ನು ತಿರುಗಿಸುತ್ತ ಹೋಗುವ ನೋಟವು ಎಲ್ಲರಿಗೂ ಪರಿಚಿತವಾದುದು. ಅದೇ ದಿವಸ ಅದೇ ಬೀದಿಯಲ್ಲಿ ಮೂರು ಮೂರೂವರೆ ವರ್ಷದ ಹಸುಳೆಗಳು ಮೊತ್ತಮೊದಲು ಮನೆಯ ಹೊಸ್ತಿಲನ್ನು ದಾಟಿ ಪರರ ವಶಕ್ಕೆ ಹೋಗುತ್ತವೆ. ಅದನ್ನು ನಾವು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶಕ್ಕೆ ಪತ್ರಿಕೆಗಳವರು ಪುಟಗಟ್ಟಲೆ ಸ್ಥಳವನ್ನು ಕೊಡುತ್ತೇವೆ. ಶಿಶುವಿಹಾರದ ಬಾಗಿಲಲ್ಲಿ ತಾಯಿಯ ಸೆರಗನ್ನು ಹಿಡಿದು ಅಳುವ ಕೂಸಿಗೆ ಒಂದು ಪಂಕ್ತಿಯನ್ನೂ ಕೊಡೆವು. ಈ ಉಪೇಕ್ಷೆಯಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಂಡು, ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳಲ್ಲಿ ಈ ಕೂಸುಗಳ ಮತ್ತು ಅವುಗಳ ಮನೆಗಳ ಸ್ಥಿತಿ ಹೇಗಿದೆಯೆಂಬುದನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಈಚೆಗೆ ಕಾರ್ಯಾಂತರದಿಂದ ನಾವು ಪೀಣ್ಯಕ್ಕೆ ಹೋಗಿದ್ದೆವು. ಬೆಳಗಿನ ಎಂಟೂವರೆ ಗಂಟೆ. ಸಿದ್ಧ ಉಡುಪಿನ ಕಾರ್ಖಾನೆಗಳಿಗೆ, ಜನರ ಮಾತಿನಲ್ಲಿ ಗಾರ್ಮೆಂಟ್ಸಿಗೆ, ಹೋಗುವ ಹೆಣ್ಣುಮಕ್ಕಳು ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಸಾಲುಸಾಲಾಗಿ ಹೋಗುತ್ತಿದ್ದರು. ಒಂದು ಗಲ್ಲಿಯ ಅಂಗನವಾಡಿಯ ಬೀಗ ಹಾಕಿದ ಬಾಗಿಲ ಮುಂದೆ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಪಕ್ಕದ ಮನೆಯ ಮುದುಕಿಗೆ ಒಪ್ಪಿಸುತ್ತಿದ್ದಳು. ವಿಚಾರಿಸಿದೆವು. "ಗೇಟ್ ಒಂಬತ್ತಕ್ಕೆ ಹಾಕ್ಬಿಡ್ತಾರೆ ಸಾರ್. ಟೀಚರ್ ಬರೋದು ಒಂಬತ್ತೂವರೆಗೆ. ಅಲ್ಲೀವರೆಗೆ ಅಜ್ಜಿ ನೋಡ್ಕೊತಾರೆ. ಸಾಯಂಕಾಲ ನಾಲ್ಕಕ್ಕೆ ಬಿಟ್ಮೇಲೆ, ನಾನು ಬರೋ ತನಕ ದೊಡ್ಡ ಮಗಳು ಇರ್ತಾಳೆ" ಎಂದಳು. ಆ ದೊಡ್ಡ ಮಗಳ ವಯಸ್ಸೆಷ್ಟೆಂದು ಕೇಳಿದೆವು. ಒಂಬತ್ತು ವರ್ಷ. ತಾಯಿ ಉತ್ತರ ಹೇಳುತ್ತಲೇ ನಡೆದುಬಿಟ್ಟಳು. ನಿಂತು ಮಾತಾಡಿದರೆ ಸಂಬಳಕ್ಕೆ ಕತ್ತರಿ ಬೀಳುವುದೆಂದು ಮುದುಕಿ ತಿಳಿಸಿದಳು. ಹುಡುಗ ಅಳಲಿಲ್ಲ. ಅಳುವುದನ್ನು ಅವನು ಎಂದೋ ಬಿಟ್ಟಿದ್ದಾನೆಂದು ಆಕೆಯೇ ಹೇಳಿದಳು.

ಅದಾದ ಕೆಲವು ದಿನಗಳಿಗೆ ವೈಟ್‌ಫೀಲ್ಡಿನಲ್ಲಿರುವ ನಮ್ಮ ಬಂಧುಗಳ ಮನೆಗೆ ಹೋಗಬೇಕಾಯಿತು. ಹನ್ನೆರಡನೆಯ ಮಹಡಿಯ ಮನೆ; ಗಂಡಹೆಂಡಿರಿಬ್ಬರೂ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಸಂಬಳಗಾರರು. ಮೂರೂವರೆ ವರ್ಷದ ಮಗುವನ್ನು ಬೆಳಿಗ್ಗೆ ಒಂಬತ್ತಕ್ಕೆ ಶಿಶುವಿಹಾರಕ್ಕೆ ಕಳುಹಿಸುತ್ತಾರೆ. ಅದು ಹನ್ನೆರಡೂವರೆಗೆ ಮುಗಿಯುತ್ತದೆ. ಅಲ್ಲಿಂದ ಮಗುವನ್ನು ವ್ಯಾನಿನಲ್ಲಿ ಡೇ ಕೇರಿಗೆ ಒಯ್ಯುತ್ತಾರೆ. ತಂದೆಯೋ ತಾಯಿಯೋ ವಾಹನಗಳ ದಟ್ಟಣೆಯನ್ನು ಭೇದಿಸಿ ಬಂದು ಅದನ್ನು ಕರೆದೊಯ್ಯುವಾಗ ಸಂಜೆ ಏಳು ಗಂಟೆ. ಹೀಗೆ ದಿನಕ್ಕೆ ಹತ್ತು ಗಂಟೆ! ತಾಲ್ಲೂಕು ಕಚೇರಿಯ ಗುಮಾಸ್ತನೂ ಇಷ್ಟು ಹೊತ್ತು ಮನೆಯಿಂದ ಹೊರಗಿರುವುದಿಲ್ಲ. ಅಜ್ಜಿ ಧಾರವಾಡದಿಂದ ಬಂದು ಮೂರು ತಿಂಗಳಿದ್ದು, ಮಾತಾಡುವುದಕ್ಕೆ ಒಂದು ನೆರೆಯಿಲ್ಲದೆ ಬೇಸತ್ತು ಹಿಂದಿರುಗಿದರಂತೆ. ವರ್ಷದ ಶುಲ್ಕ ಲಕ್ಷ ರೂಪಾಯಿಗೆ ಮೀರಿದ್ದು. ಸ್ಥಳವನ್ನು ಕಾದಿರಿಸುವುದಕ್ಕೆ ವರ್ಷದ ಹಿಂದೆಯೇ ಓಡಾಡಿದ್ದರಂತೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತಿದೆ.

ಈ ಎರಡು ಮನೆಗಳಿಗೂ ಐಶ್ವರ್ಯದಲ್ಲಿ ಅಜಗಜಾಂತರವಿದೆ. ಆದರೆ ಎರಡಕ್ಕೂ ತಟ್ಟಿರುವ ರೋಗ ಒಂದೇ ಎಂದು ನಮಗೆ ತೋರಿತು. ತಂದೆತಾಯಿಗಳ ದುಡಿಮೆಯ ಹೊತ್ತನ್ನು ಒಬ್ಬರು ನಿಗದಿ ಮಾಡಿದ್ದಾರೆ. ಕೂಸಿನ ಪಾಠದ ಹೊತ್ತನ್ನು ಇನ್ನೊಬ್ಬರು ನಿಗದಿ ಮಾಡಿದ್ದಾರೆ. ಈ ಇಬ್ಬರೂ ಎಂದಾದರೂ ಕೂಡಿ ಕುಳಿತು ಮಾತಾಡಿದವರಲ್ಲ. ಎರಡರ ನಡುವೆ ಉಳಿದ ಬೆಳಗಿನ ಅರ್ಧ ಗಂಟೆ, ಸಂಜೆಯ ಎರಡು ಗಂಟೆಗಳ ತೆರವನ್ನು ಧನಿಕನು ಹಣದಿಂದ ತುಂಬುತ್ತಾನೆ. ಬಡವಳು ಒಂಬತ್ತು ವರ್ಷದ ಮಗಳ ಆಟಪಾಠಗಳಿಂದ ತುಂಬುತ್ತಾಳೆ. ಎರಡು ಕಡೆಯಲ್ಲಿಯೂ ಬೆಲೆ ತೆರುವುದು ಮಕ್ಕಳೇ.

ಈ ಪ್ರದೇಶಗಳು ಬೆಳೆದ ಬಗೆಯನ್ನು ನೆನೆದರೆ ಈ ತೆರವು ಆಶ್ಚರ್ಯಕರವೇನೂ ಅಲ್ಲ. ೧೮೮೨ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ದಯಪಾಲಿಸಿದ ೩,೯೦೦ ಎಕರೆ ಭೂಮಿಯಲ್ಲಿ ವೈಟ್‌ಫೀಲ್ಡ್ ಒಂದು ಒಕ್ಕಲುತನದ ಊರಾಗಿ ಹುಟ್ಟಿತು. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದ ಶ್ರೀ ಆರ್. ಕೆ. ಬಾಳಿಗರ ಕನಸಿನಿಂದ ೧೯೭೦ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಪೀಣ್ಯದ ಕೈಗಾರಿಕಾ ವಸಾಹತೂ ಅದೇ ದಶಕದ್ದು. ಮುಂದೆ ರಸ್ತೆ ಬಂದಿತು, ವಿದ್ಯುತ್ತು ಬಂದಿತು, ೨೦೧೦ರಲ್ಲಿ ಹೊಸೂರು ರಸ್ತೆಯ ಮೇಲ್ಸೇತುವೆ ಬಂದಿತು; ಮೆಟ್ರೋ ರೈಲು ಪೀಣ್ಯಕ್ಕೆ ೨೦೧೪ರಲ್ಲಿ, ವೈಟ್‌ಫೀಲ್ಡಿಗೆ ೨೦೨೩ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ೨೦೨೫ರಲ್ಲಿ ಬಂದು ಮುಟ್ಟಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳೇ. ಆದರೆ ನಕ್ಷೆಯನ್ನು ಬರೆದ ಮಹನೀಯರು ಇಲ್ಲಿ ದುಡಿಯಲು ಬರುವವರು ಸಂಸಾರವಂತರೆಂದೂ, ಅವರಿಗೆ ಕೂಸುಗಳಿರುವುವೆಂದೂ ಭಾವಿಸಿದಂತೆ ಕಾಣುವುದಿಲ್ಲ. ಯಂತ್ರಕ್ಕೆ ನಿವೇಶನ ದೊರೆಯಿತು. ಕೂಸಿಗೆ ಅಂಗಳ ದೊರೆಯಲಿಲ್ಲ.

ಇದರಲ್ಲಿ ಒಂದು ವಿಪರ್ಯಾಸವುಂಟು. ಶಿಶುವಿಹಾರವೆಂಬುದು ಹುಟ್ಟಿದ್ದೇ ಕಾರ್ಮಿಕರ ಮಕ್ಕಳಿಗಾಗಿ. ರಾಬರ್ಟ್ ಓವೆನ್ ಎಂಬ ಗಿರಣಿಯ ಯಜಮಾನನು ೧೮೧೬ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕಿನ ತನ್ನ ಹತ್ತಿಗಿರಣಿಯ ಬಳಿ ನಡೆಯಬಲ್ಲ ಕೂಸುಗಳಿಗೆಲ್ಲ ಒಂದು ಶಾಲೆಯನ್ನು ತೆರೆದನು. ಅಲ್ಲಿ ಪುಸ್ತಕದ ಕಾಟವಿರಲಿಲ್ಲ, ಹಾಡು ಕುಣಿತಗಳಿದ್ದುವು. ಜರ್ಮನಿಯ ಫ್ರೋಬೆಲನು ೧೮೩೭ರಲ್ಲಿ ತೆರೆದ ಶಾಲೆಗೆ ಮೂರು ವರ್ಷಗಳ ತರುವಾಯ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟನು. ಆ ತೋಟಕ್ಕೆ ಅಂಜಿ ಪ್ರಷ್ಯದ ಸರಕಾರವು ೧೮೫೧ರಲ್ಲಿ ಅದನ್ನು ನಿಷೇಧಿಸಿತು! ವಿದುಷಿ ಮರಿಯಾ ಮಾಂಟೆಸೊರಿಯು ೧೯೦೭ರ ಜನವರಿ ೬ರಂದು ತನ್ನ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ತಂದೆತಾಯಿಗಳು ಕೂಲಿಗೆ ಹೋದ ಮೇಲೆ ಮಕ್ಕಳು ವಠಾರದ ಗೋಡೆ ಮೆಟ್ಟಿಲುಗಳನ್ನು ಹಾಳುಮಾಡುವುದನ್ನು ತಾಳಲಾರದೆ ಕಟ್ಟಡದ ಒಡೆಯರೇ ಆಕೆಗೆ ಒಂದು ಕೋಣೆಯನ್ನು ಕೊಟ್ಟರು. ಇಂದು ಆಕೆಯ ಹೆಸರಿನ ಫಲಕವನ್ನು ನಾವು ಕಾಣುವುದು ಹೆಚ್ಚಾಗಿ ಧನಿಕರ ಬಡಾವಣೆಗಳಲ್ಲಿ.

೧೯೩೧ರ ಅಕ್ಟೋಬರ್ ತಿಂಗಳಲ್ಲಿ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋಗಿದ್ದ ಮಹಾತ್ಮ ಗಾಂಧಿಯವರು ಅಲ್ಲಿಯ ಮಾಂಟೆಸೊರಿ ಶಿಕ್ಷಣಾಲಯದಲ್ಲಿ ಮಾತನಾಡುತ್ತ, ಇಂತಹ ಶಿಕ್ಷಣವು ಸಿರಿವಂತರ ಮಕ್ಕಳಿಗೆ ಮಾತ್ರವಲ್ಲದೆ ದರಿದ್ರರ ಮಕ್ಕಳಿಗೂ ದೊರೆಯಬೇಕೆಂಬ ಆಶಯವನ್ನು ವ್ಯಕ್ತಪಡಿಸಿದ್ದರು. ಆ ಆಶಯವನ್ನು ಕೈಗೂಡಿಸಲು ಈ ದೇಶದಲ್ಲಿ ಶ್ರಮಿಸಿದವರಿಲ್ಲದಿಲ್ಲ. ಭಾವನಗರದಲ್ಲಿ ೧೯೨೦ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರ ಸಹೋದ್ಯೋಗಿಯಾಗಿದ್ದ ಶ್ರೀಮತಿ ತಾರಾಬಾಯಿ ಮೋಡಕರು ಅದನ್ನು ಹಳ್ಳಿಯ ಬಡ ಮಕ್ಕಳ ಅಂಗಳಕ್ಕೆ ಒಯ್ದರು; ಅಂಗನವಾಡಿ ಎಂಬ ಹೆಸರಿನಲ್ಲಿಯೇ ಆ ಅಂಗಳವಿದೆ. ೧೯೭೫ರ ಗಾಂಧಿ ಜಯಂತಿಯಂದು ಕೇಂದ್ರ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ ೩೩ ಕಡೆಗಳಲ್ಲಿ ಆರಂಭಿಸಿದಾಗ, ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ಮೊಳೆತ ಸಸಿ ಇಂದು ಅರುವತ್ತು ಸಾವಿರಕ್ಕೂ ಮಿಕ್ಕ ಅಂಗನವಾಡಿಗಳಾಗಿ ಕರ್ನಾಟಕವನ್ನೆಲ್ಲ ಹಬ್ಬಿದೆ.

ಆದರೆ ಅಂಗನವಾಡಿಯ ವೇಳಾಪಟ್ಟಿಯು ಹೊಲದ ಕೆಲಸದ ಹಳ್ಳಿಗೆ, ಅಜ್ಜಿ ಅತ್ತೆಯರಿರುವ ಮನೆಗೆ ಹೊಂದುವಂತಹದು. ತುಮಕೂರು, ರಾಯಚೂರು, ಕಲಬುರಗಿಗಳಿಂದಲೂ ಒಡಿಶಾ, ಬಿಹಾರಗಳಿಂದಲೂ ಬಂದು ಪೀಣ್ಯದ ಒಂದೇ ಕೋಣೆಯ ಬಾಡಿಗೆಮನೆಯಲ್ಲಿ ಸಂಸಾರ ಹೂಡಿದವರಿಗೆ ಅಜ್ಜಿಯೆಲ್ಲಿ, ಅತ್ತೆಯೆಲ್ಲಿ? ಸರಕಾರಕ್ಕೆ ಈ ತತ್ತ್ವ ತಿಳಿಯದೆಂದಲ್ಲ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ಹಳ್ಳಿಯ ತಾಯಂದಿರ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ೨೦೨೩ರಲ್ಲಿ ಸಾರಿದ್ದು ಇದೇ ಸರಕಾರ. ಕೆರೆಯ ಹೂಳೆತ್ತುವ ತಾಯಿಗೆ ಒಪ್ಪುವ ನ್ಯಾಯ ಹೊಲಿಗೆಯಂತ್ರದ ಮುಂದೆ ಕೂರುವ ತಾಯಿಗೆ ಏಕೆ ಒಪ್ಪಬಾರದು?

ಕಾರ್ಖಾನೆಯವರ ಹೊಣೆಯನ್ನೂ ಕಾನೂನು ಎಂದೋ ಗೊತ್ತುಮಾಡಿದೆ. ೧೯೪೮ರ ಕಾರ್ಖಾನೆ ಕಾಯ್ದೆಯಲ್ಲಿಯೇ ಹೆಣ್ಣಾಳುಗಳ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವನ್ನು ಇರಿಸಬೇಕೆಂಬ ವಿಧಿಯಿದ್ದಿತು. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟು ಜನ ದುಡಿಯುವ ಸಂಸ್ಥೆಗಳಲ್ಲೆಲ್ಲ ಶಿಶುಗೃಹವಿರಬೇಕು, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದು ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿಯು ವಿಧಿಸಿತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳೂ ಈ ಹೊಣೆಯನ್ನು ತೆಗೆದುಹಾಕಿಲ್ಲ. ಹೀಗಿರಲು, ಬೇಕಾದುದು ಹೊಸ ಕಾನೂನಲ್ಲ. ಇರುವ ಕಾನೂನನ್ನು ಓದಿ ಬಾಗಿಲು ತಟ್ಟುವ ಅಧಿಕಾರಿ. ತನಿಖೆಗೆ ಹೋದವರು ತೊಟ್ಟಿಲನ್ನು ನೋಡಿ ಬಂದರೆ ಸಾಲದು. ತೊಟ್ಟಿಲಲ್ಲಿ ಕೂಸಿದೆಯೇ, ಇಲ್ಲದಿದ್ದರೆ ಏಕಿಲ್ಲ ಎಂಬುದನ್ನು ತಾಯಂದಿರನ್ನೇ ಕೇಳಿ ಬರಬೇಕು.

ಈ ತಾಯಂದಿರು ತಮ್ಮ ಮಕ್ಕಳಿಗಾಗಿ ಎಷ್ಟರ ಮಟ್ಟಿಗೆ ನಿಲ್ಲಬಲ್ಲರೆಂಬುದನ್ನು ೨೦೧೬ರ ಏಪ್ರಿಲ್ ೧೮, ೧೯ನೆಯ ತಾರೀಖುಗಳಂದು ಬೆಂಗಳೂರು ಕಂಡಿದೆ. ಭವಿಷ್ಯನಿಧಿಯಲ್ಲಿ ಯಜಮಾನರ ಪಾಲನ್ನು ೫೮ ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮವನ್ನು ವಿರೋಧಿಸಿ ಸಾವಿರಾರು ಮಂದಿ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ಬೀದಿಗಿಳಿದರು. ಕೇಂದ್ರ ಸರಕಾರವು ಎರಡನೆಯ ದಿನವೇ ನಿಯಮವನ್ನು ಹಿಂತೆಗೆದುಕೊಂಡಿತು. ಆ ನಿಧಿಯೆಂದರೆ ಅವರ ಪಾಲಿಗೆ ಮುಪ್ಪಿನ ಗಂಟಲ್ಲ. ಮಕ್ಕಳ ಶಾಲೆಯ ಶುಲ್ಕ, ಮನೆಯ ಕಷ್ಟಕಾಲದ ಕಾಸು. ನಿಧಿಯ ನಿಯಮಕ್ಕಾಗಿ ರಸ್ತೆಗೆ ಬಂದವರು ಸಂಜೆಯ ಎರಡು ಗಂಟೆಗಾಗಿ ಬರುವವರೆಗೆ ಕಾಯುವುದು ಆಳುವವರಿಗೆ ಶೋಭೆಯಲ್ಲ.

ಇನ್ನು ತಂದೆತಾಯಿಗಳ ಅವಸರದ ವಿಷಯ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ ೮೫ಕ್ಕೂ ಮಿಕ್ಕ ಭಾಗವು ಆರು ವರ್ಷದೊಳಗೆ ಆಗುವುದೆಂದು ಹೇಳುತ್ತದೆ. ಈ ಮಾತನ್ನು ಅಪಾರ್ಥ ಮಾಡಿಕೊಂಡು, ಹಾಗಾದರೆ ಮೂರು ವರ್ಷಕ್ಕೇ ಅಕ್ಷರಮಾಲೆಯನ್ನೂ ಮಗ್ಗಿಯನ್ನೂ ತುರುಕಿಬಿಡೋಣವೆಂದು ಹೊರಟವರು ಬಹುಮಂದಿ. ನೀತಿಯು ಹೇಳುವುದು ಆಟ, ಹಾಡು, ಮಾತುಕತೆಗಳನ್ನು. ಪೆನ್ಸಿಲನ್ನು ಬಿಗಿಯಾಗಿ ಹಿಡಿಯಲಾರದ ಬೆರಳಿಗೆ ಮನೆಪಾಠವನ್ನು ಕೊಡುವುದು ವಿದ್ಯೆಯಲ್ಲ, ದಂಡನೆ. ಒಂದನೆಯ ತರಗತಿಗೆ ಸೇರುವಾಗ ಮಗುವಿಗೆ ಆರು ವರ್ಷ ತುಂಬಿರಬೇಕೆಂದು ನಮ್ಮ ಸರಕಾರವು ೨೦೨೨ರಲ್ಲಿ ಆಜ್ಞೆ ಹೊರಡಿಸಿದಾಗ, ಎರಡೂವರೆ ವರ್ಷಕ್ಕೇ ನರ್ಸರಿಗೆ ಸೇರಿಸಿದ್ದವರು ಕಂಗಾಲಾದರು. ಮಕ್ಕಳು ಯುಕೆಜಿಯಲ್ಲಿಯೇ ಇನ್ನೊಂದು ವರ್ಷ ಕೂರಬೇಕಾಗುವುದೆಂದು ಮೊರೆಯಿಟ್ಟರು. ೨೦೨೫-೨೬ನೆಯ ಸಾಲಿಗೆ ಮಾತ್ರ ಅದು ಐದು ವರ್ಷ ಐದು ತಿಂಗಳಿಗೆ ಸಡಿಲವಾಯಿತು. ಮೊದಲು ಓಡಿಸಿದವರೂ ನಾವೇ, ಆಮೇಲೆ ಗೇಟಿನಲ್ಲಿ ನಿಂತು ಅತ್ತವರೂ ನಾವೇ.

ಭಾಷೆಯ ಮಾತನ್ನೂ ಇಲ್ಲಿಯೇ ಆಡಬೇಕು. ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷೆಯೇ ಬೋಧನಭಾಷೆಯಾಗಬೇಕೆಂದು ರಾಜ್ಯವು ಹೊರಡಿಸಿದ್ದ ೧೯೯೪ರ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೪ರ ಮೇ ೬ರಂದು ಊರ್ಜಿತವಲ್ಲವೆಂದು ತೀರ್ಪಿತ್ತು, ಆಯ್ಕೆಯನ್ನು ತಂದೆತಾಯಿಗಳಿಗೆ ಬಿಟ್ಟಿತು. ಆದುದರಿಂದ ಈ ವಿಚಾರದಲ್ಲಿ ಸರಕಾರವನ್ನು ದೂರಿ ಫಲವಿಲ್ಲ. ನಮ್ಮ ಮನೆಗಳನ್ನೇ ವಿಚಾರಿಸಿಕೊಳ್ಳಬೇಕು. ವೈಟ್‌ಫೀಲ್ಡಿನ ಆ ಮಗು ಅಜ್ಜಿಯೊಡನೆ ದೂರವಾಣಿಯಲ್ಲಿ ಮಾತಾಡುವಾಗ ಕನ್ನಡದ ಮಾತು ದೊರೆಯದೆ ಸುಮ್ಮನಾಗುವುದನ್ನು ನಾವು ಕಂಡೆವು. ಪೀಣ್ಯದ ಅಂಗನವಾಡಿಯಲ್ಲಿಯಾದರೋ ಒಡಿಶಾದ ಕೂಲಿಕಾರನ ಮಗಳು ಟೀಚರಿನಿಂದ ಕಲಿತ ಕನ್ನಡದಲ್ಲಿ ಗಲ್ಲಿಯ ಮಕ್ಕಳೊಡನೆ ಜಗಳವಾಡುತ್ತಿದ್ದಳು. ೨೦೧೧ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದವರು ಅರ್ಧಕ್ಕಿಂತ ಕಡಿಮೆ. ಪರಭಾಷೆಯವರು ಬಂದರೆಂದು ಕೊರಗುವವರು, ಬಂದವರ ಮಕ್ಕಳಿಗೆ ಕನ್ನಡವನ್ನು ಕೊಡುತ್ತಿರುವುದು ಆ ಅಂಗನವಾಡಿಯ ಕಾರ್ಯಕರ್ತೆಯೆಂಬುದನ್ನು ನೆನಪಿಡತಕ್ಕದ್ದು. ಕನ್ನಡದ ಹೆಸರಿನಲ್ಲಿ ಸಭೆ ಮೆರವಣಿಗೆಗಳನ್ನು ನಡೆಸುವ ಹಣದಲ್ಲಿ ಒಂದಂಶವಾದರೂ ಆಕೆಯ ಕೋಣೆಗೆ ಹೋದರೆ ಕನ್ನಡಕ್ಕೆ ಹೆಚ್ಚು ಲಾಭ.

ಆಕೆಗೆ ದೊರೆಯುವುದಾದರೂ ಏನು? ಸಂಬಳವಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ೨೦೨೨ರ ಏಪ್ರಿಲಿನಲ್ಲಿ ಹೇಳಬೇಕಾಯಿತು. ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ತಮ್ಮ ಕೇಂದ್ರಗಳು ಬರಿದಾಗುವುವೆಂದು ಈ ಹೆಂಗಸರು ೨೦೨೪ರಲ್ಲಿ ಬೆಂಗಳೂರಿಗೆ ಬಂದು ಧರಣಿ ಕೂತರು; ಅದೇ ವರ್ಷ ಬೆಂಗಳೂರಿನ ೨೫೦ ಅಂಗನವಾಡಿಗಳಲ್ಲಿಯೇ ಎಲ್‌ಕೆಜಿ, ಯುಕೆಜಿಗಳನ್ನು ತೆರೆಯುವ ಕೆಲಸಕ್ಕೆ ಸರಕಾರ ಕೈಹಾಕಿತು. ಇದು ಸರಿಯಾದ ದಾರಿ. ಆದರೆ ಹೆಸರನ್ನು ಬದಲಾಯಿಸಿ ಹೊತ್ತನ್ನು ಬದಲಾಯಿಸದಿದ್ದರೆ ನಾವು ಪೀಣ್ಯದಲ್ಲಿ ಕಂಡ ತಾಯಿಗೆ ಪ್ರಯೋಜನವೇನು?

ಇಷ್ಟನ್ನು ಓದಿದ ಕೆಲವರು ಹಿರಿಯರು, ತಾಯಂದಿರು ಮನೆಯಲ್ಲಿಯೇ ಇದ್ದರೆ ಈ ತೊಡಕೆಲ್ಲಿ ಎಂದು ಕೇಳಬಹುದು. ಅವರ ಕಳಕಳಿಯನ್ನು ನಾವು ತಿಳಿಯಬಲ್ಲೆವು. ಆದರೆ ಪೀಣ್ಯದ ಕೋಣೆಯ ಬಾಡಿಗೆಯನ್ನು ತೆರುವುದು ಆ ತಾಯಿಯ ಸಂಬಳ. ಅದನ್ನು ನಿಲ್ಲಿಸಿದರೆ ಕೂಸಿಗೆ ತಾಯಿ ಸಿಕ್ಕಾಳು, ಹಾಲು ಸಿಗದು. ಅಲ್ಲದೆ, ಕೂಸು ತಾಯಿಯೊಬ್ಬಳ ಸ್ವತ್ತೇ? ಶಿಶುವಿಹಾರದ ಬಾಗಿಲಲ್ಲಿ ನಾವು ಕಂಡ ಹತ್ತು ಮಂದಿಯಲ್ಲಿ ತಂದೆಯರು ಇಬ್ಬರು. ಅವರಲ್ಲೊಬ್ಬರು ಮೋಟಾರ್ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಮತ್ತೆ ಕೆಲವರು ಖರ್ಚಿನ ಮಾತೆತ್ತುವರು. ಆರು ವರ್ಷದಿಂದ ಹದಿನಾಲ್ಕರವರೆಗೆ ಶಿಕ್ಷಣವು ಮಕ್ಕಳ ಹಕ್ಕು. ಆರರೊಳಗಿನವರಿಗೆ ಸಂವಿಧಾನದ ೪೫ನೆಯ ಅನುಚ್ಛೇದವು ಹೇಳುವುದು ಸರಕಾರವು ಪ್ರಯತ್ನಿಸತಕ್ಕದ್ದು ಎಂದು ಮಾತ್ರ. ಅಡಿಪಾಯಕ್ಕೆ ಪ್ರಯತ್ನ, ಗೋಡೆಗೆ ಹಕ್ಕು! ಇಂತಹ ಮನೆ ಎಷ್ಟು ದಿನ ನಿಂತೀತು?

ಆದುದರಿಂದ ಸಂಬಂಧಪಟ್ಟವರ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದು, ಪೀಣ್ಯ, ಬೊಮ್ಮಸಂದ್ರ, ಹೂಡಿಗಳಂತಹ ದುಡಿಯುವವರ ಕೇರಿಗಳ ಅಂಗನವಾಡಿಗಳನ್ನು ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆಯವರೆಗೆ ತೆರೆದಿರಬೇಕು. ಒಬ್ಬಳ ಮೇಲೆಯೇ ಭಾರ ಹೊರಿಸದೆ ಸರದಿಯ ಮೇಲೆ ಎರಡನೆಯ ಕಾರ್ಯಕರ್ತೆಯನ್ನು ನೇಮಿಸಿ ಸಂಬಳವೆಂಬ ಹೆಸರಿನ ಸಂಬಳವನ್ನು ಕೊಡಬೇಕು. ಎರಡನೆಯದು, ಕಾರ್ಮಿಕ ಇಲಾಖೆಯವರು ಶಿಶುಗೃಹವಿರುವ ಮತ್ತು ಇಲ್ಲದ ಕಾರ್ಖಾನೆಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಮೂರನೆಯದು, ಪ್ರತಿಯೊಂದು ಸಣ್ಣ ಕಾರ್ಖಾನೆಯೂ ಪ್ರತ್ಯೇಕ ಶಿಶುಗೃಹವನ್ನು ನಡೆಸಲಾರದು. ೨೦೨೫ರ ಸೆಪ್ಟೆಂಬರಿನಲ್ಲಿ ಅಸ್ತಿತ್ವಕ್ಕೆ ಬಂದ ಗ್ರೇಟರ್ ಬೆಂಗಳೂರಿನ ಐದು ನಗರಪಾಲಿಕೆಗಳೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ತೆರಿಗೆಯನ್ನು ವಸೂಲು ಮಾಡುವ ಕೈಗಾರಿಕಾ ನಗರ ಪ್ರಾಧಿಕಾರವೂ, ಉದ್ಯಮಿಗಳ ಸಂಘಗಳೂ ಸೇರಿ ಬೀದಿಗೊಂದು ಸಮಾನ ಶಿಶುಗೃಹವನ್ನು ಕಟ್ಟಬಹುದು. ನಾಲ್ಕನೆಯದಕ್ಕೆ ಕಾಸಿನ ಖರ್ಚೂ ಇಲ್ಲ: ಕೂಸನ್ನು ಮೊದಲ ಸಲ ಶಿಶುವಿಹಾರಕ್ಕೆ ಬಿಡುವ ಜೂನ್ ತಿಂಗಳ ಮೊದಲ ಹದಿನೈದು ದಿನ ತಂದೆಗಾಗಲಿ ತಾಯಿಗಾಗಲಿ ಒಂದು ಗಂಟೆ ತಡವಾಗಿ ಬರಲು ಸಂಬಳ ಕಡಿಯದೆ ಅನುಮತಿ ಕೊಡಲಿ. ಸಾಫ್ಟ್‌ವೇರಿನವರಿಗೆ ಒಪ್ಪುವ ಈ ಸೌಜನ್ಯ ಹೊಲಿಗೆಯವರಿಗೂ ಒಪ್ಪಲಿ.

ಮನೆಯವರಿಗೂ ಒಂದು ಮಾತು. ನಮ್ಮ ಹಿರಿಯರು ವಿಜಯದಶ ಮಿಯಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯ ಅಕ್ಕಿಯ ಮೇಲೆ ಅರಿಶಿನದ ಕೊಂಬಿನಿಂದ ಮೊದಲ ಅಕ್ಷರವನ್ನು ಬರೆಸುತ್ತಿದ್ದರು. ಬೆರಳು ಮಗುವಿನದು, ಕೈ ಹಿರಿಯರದು. ಆ ಅಕ್ಷರಕ್ಕಿಂತಲೂ ಆ ತೊಡೆಯೇ ಮಗುವಿನ ಮೊದಲ ಪಾಠವಾಗಿದ್ದಿತು. ಲಕ್ಷ ರೂಪಾಯಿಯ ಶಿಶುವಿಹಾರವೂ ಉಚಿತದ ಅಂಗನವಾಡಿಯೂ ಆ ತೊಡೆಯನ್ನು ಕೊಡಲಾರವು. ರಾತ್ರಿ ಎಷ್ಟೇ ಹೊತ್ತಾಗಲಿ, ಕೈಯ ದೂರವಾಣಿಯನ್ನು ಕೆಳಗಿಟ್ಟು, ಮಗುವಿಗೆ ತನ್ನ ಮಾತಿನಲ್ಲಿ ಒಂದು ಕಥೆಯನ್ನು ಹೇಳಿ ಮಲಗಿಸುವುದು ಪೀಣ್ಯದಲ್ಲಿಯೂ ಸಾಧ್ಯ, ವೈಟ್‌ಫೀಲ್ಡಿನಲ್ಲಿಯೂ ಸಾಧ್ಯ.

ಆದರೆ ಆ ಕಥೆಯನ್ನು ಹೇಳುವಷ್ಟು ಉಸಿರು ತಾಯಿಗೆ ಉಳಿದಿರಬೇಕಷ್ಟೆ. ಅದನ್ನು ಉಳಿಸಿಕೊಡುವುದು ಸರಕಾರದ, ಕಾರ್ಖಾನೆಯ, ನಮ್ಮೆಲ್ಲರ ಕರ್ತವ್ಯ. ಮುಂದಿನ ಜೂನ್ ತಿಂಗಳಲ್ಲಿ ನಾವು ಮತ್ತೆ ಆ ಗಲ್ಲಿಗೆ ಹೋಗುವವರಿದ್ದೇವೆ. ಎಂಟೂವರೆಗೆ ಆ ಬಾಗಿಲ ಬೀಗ ತೆಗೆದಿರುವುದನ್ನೂ, ಸಂಜೆ ನಾಲ್ಕರ ಮೇಲೆ ಆ ಒಂಬತ್ತು ವರ್ಷದ ಹುಡುಗಿ ತಮ್ಮನನ್ನು ಕಾಯುವ ಬದಲು ತನ್ನ ಜೊತೆಯವರೊಡನೆ ಕುಂಟೆಬಿಲ್ಲೆ ಆಡುತ್ತಿರುವುದನ್ನೂ ಕಂಡೆವಾದರೆ, ಅದನ್ನು ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.